ತಾಮ್ರದ ಪುಡಿ, ಪ್ಲಾಟಿನಂ ಸೂಜಿ

ಮುಟ್ಟು ನಿಂತು ವರ್ಷಗಳಾದ ಮೇಲೆ ನರೋಣಾದ ಗುರಮ್ಮನಿಗೆ ಮತ್ತೆ ರಕ್ತ ಹೋಗಲು ಶುರುವಾಯಿತು. ತೊಗರಿ ಹೊಲದಲ್ಲಿ ಕಳೆ ತೆಗೆಯುವಾಗ ಎಲ್ಲರಿಗಿಂತ ಮುಂದಿರುತ್ತಿದ್ದ ಹೆಣ್ಣುಮಗಳು, ಆ ಮಳೆಗಾಲದಲ್ಲಿ ಪದೇ ಪದೇ ಬದುವಿನ ಮೇಲೆ ಕೂತುಬಿಡುತ್ತಿದ್ದಳು. ಉಷ್ಣ ಇರಬೇಕು ಅಂದುಕೊಂಡಳು. ಗಂಡ ಗುರುಶಾಂತನಿಗೂ ಹೇಳಲಿಲ್ಲ.

ಕೊನೆಗೆ ಪಕ್ಕದ ಮನೆಯ ಪ್ಯಾರಿಬಿಯೇ ಕೇಳಿದಳು.

"ಯಾಕ ಬೇ ಗುರಮ್ಮ, ಮಾರಿ ಹಿಂಗ ಬೆಳ್ಳಗ ಆಗ್ಯಾದಲ್ಲ?"

"ರಗತ ಹೋಗಾಕತ್ತದ ಬೇ. ಇಂಥಾದ್ದು ಯಾರ ಮುಂದ ಹೇಳೂದು?"

"ನನ್ನ ಮುಂದ ಹೇಳಿದಿ, ಇನ್ನ ಡಾಕ್ಟರ ಮುಂದ ಹೇಳು. ನಡಿ, ನಾನೂ ಬರ್ತೇನಿ."

ಇಬ್ಬರೂ ಬಸ್ಸು ಹತ್ತಿ ಆಳಂದಕ್ಕೆ ಹೋದರು. ಅಲ್ಲಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಒಳಗಿನ ಒಂದು ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದಾಗ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಡಾಕ್ಟರಮ್ಮ ಗುರುಶಾಂತನನ್ನೂ ಕರೆಸಿ, ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಹೇಳಿದರು.

"ದೂರ ಹಬ್ಬಿಲ್ಲ. ಗುಣ ಆಗೋ ಸಾಧ್ಯತೆ ಚೆನ್ನಾಗಿದೆ. ಕರೆಂಟ್ ಕೊಡ್ತೇವೆ. ಅದರ ಜೊತೆಗೆ ವಾರಕ್ಕೊಮ್ಮೆ ಪ್ಲಾಟಿನಂ ಇರೋ ಒಂದು ಔಷಧಿಯನ್ನ ನರಕ್ಕೆ ಕೊಡ್ತೇವೆ."

"ಪ್ಲಾಟಿನಂ ಅಂದ್ರ ಏನ್ರಿ?" ಗುರುಶಾಂತ ಕೇಳಿದ.

"ಬೆಳ್ಳಿ, ಬಂಗಾರ ಇದ್ದ ಹಾಗೆ ಅದೂ ಒಂದು ಲೋಹ."

ಕರೆಂಟ್ ಎಂದರೆ ವಿಕಿರಣದ ಚಿಕಿತ್ಸೆ ಎಂದು ಅವನು ಊರಲ್ಲಿ ಕೇಳಿ ತಿಳಿದಿದ್ದ. ಲೋಹವನ್ನು ಮೈಯೊಳಗೆ ಬಿಡುತ್ತಾರೆ ಎಂಬುದು ಮಾತ್ರ ಅವನ ತಲೆಯಲ್ಲಿ ಕೂತುಬಿಟ್ಟಿತು. ಚಿಕಿತ್ಸೆ ಶುರುವಾಗುವ ಮೊದಲು ದೇವರಿಗೆ ಹೇಳಿಕೊಂಡು ಬರೋಣವೆಂದು ಗಾಣಗಾಪುರಕ್ಕೆ ಹೋದ. ಅಲ್ಲಿ ಅವನು ಇಳಿದುಕೊಂಡ ಲಾಡ್ಜಿನಲ್ಲೇ ಯಾವುದೋ ಊರಿನವನೊಬ್ಬ ಪುಡಿ ಮಾರುತ್ತಿದ್ದ. ಗುರುಶಾಂತ ಅವನ ಮುಂದೆ ಹೆಂಡತಿಯ ರೋಗ, ಪ್ಲಾಟಿನಂ ಔಷಧಿ ಎಲ್ಲ ಹೇಳಿಕೊಂಡ.

"ಲೋಹನೇ ಔಷಧ ಅಂತ ಡಾಕ್ಟರೇ ಒಪ್ಪಿದ್ರಲ್ಲ!" ಆ ಮನುಷ್ಯ ನಕ್ಕ. "ಸೂಜಿಲೇ ಹಾಕಿದ್ರ ಒಳಗೆಲ್ಲ ಸುಡ್ತದ. ನಂದು ತಾಮ್ರದ ಭಸ್ಮ. ಹಾಲಿನಾಗ ಕುಡಸ್ರಿ, ಗಂಟು ಕರಗಿ ಹೋಗ್ತದ."

ಗುರುಶಾಂತನಿಗೆ ಹೆಂಡತಿಯ ಮೇಲೆ ಪ್ರೀತಿ ಬಹಳ. ಅವಳಿಗೆ ನೋವಾಗಬಾರದು ಎಂದೇ ಆ ಪುಡಿ ತಂದು ದಿನಾ ಹಾಲಿನಲ್ಲಿ ಕುಡಿಸತೊಡಗಿದ. ಆಸ್ಪತ್ರೆಗೆ ಹೋಗುವ ದಿನ ಬಂದಾಗ, "ಈ ವಾರ ಬ್ಯಾಡ, ಮುಂದಿನ ವಾರ ಹೋಗಮು" ಎಂದ. ಹಾಗೇ ವಾರಗಳು ಕಳೆದವು. ಗುರಮ್ಮನಿಗೆ ವಾಂತಿ ಶುರುವಾಯಿತು, ಪಾದ ಬಾತುಕೊಂಡವು, ರಕ್ತ ಮಾತ್ರ ನಿಲ್ಲಲಿಲ್ಲ. ಪುಡಿ ಶುದ್ಧ ಇಲ್ಲವೇನೋ ಎಂಬ ಅನುಮಾನ ಗುರುಶಾಂತನಿಗೆ ಬಂತು. ಆಗ ಅವನಿಗೆ ಮಿನಾಜ ನೆನಪಾದಳು.

ಮಿನಾಜ ಪ್ಯಾರಿಬಿಯ ಮಗಳು. ಕಲಬುರಗಿಯಲ್ಲಿ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ತಾಮ್ರದ ಹೊಸ ಸಂಯುಕ್ತಗಳನ್ನು ತಯಾರಿಸಿ, ಅವು ರೋಗಾಣುಗಳನ್ನೂ ಕ್ಯಾನ್ಸರ್ ಕಣಗಳನ್ನೂ ಕೊಲ್ಲುತ್ತವೆಯೇ ಎಂದು ನೋಡುವುದು ಅವಳ ಕೆಲಸ. ಗುರುಶಾಂತ ಯಾರಿಗೂ ಹೇಳದೆ ನೇರ ಅವಳ ಲ್ಯಾಬಿಗೆ ಹೋದ.

"ಮಗಳ, ನೀ ಮಾಡಿದ ತಾಮ್ರದ ಪುಡಿ ಕ್ಯಾನ್ಸರ್ ಸಾಯಿಸ್ತದಂತ ನಿಮ್ಮವ್ವ ಹೇಳ್ಯಾಳ. ಚೂರು ಕೊಡು. ನಿಮ್ಮ ಕಾಕಿ ಜೀವ ಉಳಸು."

"ಕೊಡಾಕ ಬರಂಗಿಲ್ಲ ಕಾಕಾ. ಗಾಜಿನ ತಟ್ಟ್ಯಾಗ ಸಾಯಿಸ್ತದ, ಖರೆ. ಮನಷ್ಯಾರಿಗಿ ಇನ್ನೂ ಯಾರಿಗೂ ಕೊಟ್ಟಿಲ್ಲ."

"ನಮಗ ಕೊಟ್ಟು ನೋಡು. ಏನಾದ್ರೂ ನಿನಗ ಅನ್ನಂಗಿಲ್ಲ."

ಮಿನಾಜಳ ಕಣ್ಣು ತುಂಬಿತು. ಗುರಮ್ಮನ ಮನೆಯ ರೊಟ್ಟಿ ತಿಂದು ಬೆಳೆದವಳು ಅವಳು. ಕಾಕಾನ ಕೈಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದಳು. ಮೊದಲು ಕ್ಯಾನ್ಸರ್ ಕಣಗಳನ್ನು ತೋರಿಸಿದಳು. ಪುಡಿ ತಾಗಿ ಅವೆಲ್ಲ ಮುದುಡಿ ಸತ್ತಿದ್ದವು. ಗುರುಶಾಂತನ ಮುಖ ಅರಳಿತು. ಅವಳು ಇನ್ನೊಂದು ತಟ್ಟೆ ಇಟ್ಟಳು.

"ಇವೂ ಸತ್ತಾವಲ್ಲ!" ಎಂದ ಅವನು.

"ಇವು ಕ್ಯಾನ್ಸರ್ ಕಣ ಅಲ್ಲ ಕಾಕಾ. ಚಲೋ ಕಣ, ಕಿಡ್ನಿದು. ನನ್ನ ಪುಡಿ ಅವನ್ನೂ ಬಿಟ್ಟಿಲ್ಲ. ಅದಕ್ಕ ಇದಿನ್ನ ಔಷಧ ಆಗಿಲ್ಲ. ಆಗ್ತದೋ ಇಲ್ಲೋ ನನಗೂ ಗೊತ್ತಿಲ್ಲ."

"ಹಂಗಾರ ಆ ಪ್ಲಾಟಿನಂ? ಅದೂ ಲೋಹನೇ ಅಲ್ಲ?"

"ಹೌದು. ಅದೂ ಒಂದು ಕಾಲಕ್ಕ ತಟ್ಟ್ಯಾಗೇ ಇತ್ತು. ಬ್ಯಾಕ್ಟೀರಿಯಾ ಮ್ಯಾಲ ಪ್ರಯೋಗ ಮಾಡೂಮುಂದ ಅದರ ಗುಣ ಗೊತ್ತಾತು. ಆಮ್ಯಾಲ ಪ್ರಾಣಿಗಿ ಕೊಟ್ಟು ನೋಡಿದ್ರು, ಪೇಶಂಟರಿಗಿ ಕೊಟ್ಟು ವರ್ಷಾನುಗಟ್ಟಲೆ ನೋಡಿದ್ರು. ಎಷ್ಟು ಕೊಡಬೇಕು, ಯಾರಿಗಿ ಕೊಡಬಾರದು, ತ್ರಾಸ ಆದ್ರ ಏನ್ ಮಾಡಬೇಕು, ಎಲ್ಲಾ ಕಲ್ತಾರ. ಸುಟ್ಟ ಗಾಯಕ್ಕ ಬಿಳಿ ಮುಲಾಮ ಹಚ್ತಾರಲ್ಲ, ಅಂಥಾದ್ರಾಗ ಬೆಳ್ಳಿ ಇರ್ತದ. ಹಂಗಂತ ಕಾಲುಂಗುರ ತೇದು ಹಚ್ಚಿದ್ರ ಮುಲಾಮ ಆಗ್ತದೇನು?"

ಗುರುಶಾಂತ ತಲೆ ತಗ್ಗಿಸಿದ. ಮೆಲ್ಲಗೆ ಗಾಣಗಾಪುರದ ಪುಡಿಯ ಮಾತು ತೆಗೆದ. ವಾಂತಿ, ಬಾತ ಪಾದ, ತಪ್ಪಿದ ವಾರಗಳು, ಎಲ್ಲವನ್ನೂ ಹೇಳಿದ. ಮಿನಾಜ ಅಲ್ಲೇ ಕೋಟು ಬಿಚ್ಚಿಟ್ಟಳು. "ನಡೀರಿ ಕಾಕಾ, ಕಾಕೀನ ಕರಕೊಂಡು ಇವತ್ತೇ ದವಾಖಾನಿಗಿ ಹೋಗಮು."

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಗುರಮ್ಮನ ಕಿಡ್ನಿ ಸೋತಿತ್ತು.

"ಪುಡಿ ಪೂರ್ತಿ ನಿಲ್ಲಿಸಿ," ಎಂದರು ಡಾಕ್ಟರಮ್ಮ. "ಅದರಲ್ಲಿ ಏನೇನು ಇತ್ತೋ ಯಾರಿಗೆ ಗೊತ್ತು? ನಮ್ಮ ಔಷಧಿಯೂ ಕಿಡ್ನಿಗೆ ತೊಂದರೆ ಕೊಡಬಹುದು. ಅದಕ್ಕೇ ರಕ್ತ ನೋಡಿ, ಸಲೈನ್ ಹಾಕಿ ಕೊಡ್ತೇವೆ. ಮೊದಲು ಕಿಡ್ನಿ ಸುಧಾರಿಸಲಿ."

ಗುರುಶಾಂತ ಗೋಡೆಗೆ ಒರಗಿ ನಿಂತು ಅಳತೊಡಗಿದ. "ಹಂಗಾರ ಆ ಸೂಜಿನೂ ಬ್ಯಾಡ ಬಿಡ್ರಿ" ಎಂದ.

ಹಾಸಿಗೆಯ ಮೇಲೆ ಮಲಗಿದ್ದ ಗುರಮ್ಮ ಎದ್ದು ಕೂತಳು. "ಸೂಜಿ ಬ್ಯಾಡ ಅಂತೀರಿ, ಪುಡಿ ಕುಡಿ ಅಂತೀರಿ. ಮೈ ನಂದು. ನನಗ ಯಾರರೆ ಕೇಳೀರೇನು?" ಮಿನಾಜಳ ಕಡೆ ತಿರುಗಿದಳು. "ಮಗಳ, ಖರೆ ಹೇಳು. ನಿಮ್ಮವ್ವಗ ಈ ಜಡ್ಡು ಬಂದಿದ್ರ ನೀ ಏನ್ ಕೊಡಸ್ತಿದ್ದಿ?"

"ಇಲ್ಲಿಗೇ ಕರಕೊಂಡು ಬರ್ತಿದ್ದೆ ಕಾಕಿ. ನನ್ನ ಪುಡಿ ಮುಟ್ಟಾಕೂ ಬಿಡ್ತಿದ್ದಿಲ್ಲ."

"ಆತು. ಡಾಕ್ಟರಮ್ಮಾರ, ಶುರು ಮಾಡ್ರಿ."

ಕರೆಂಟ್ ಕೊಡುವುದು ಶುರುವಾಯಿತು. ಕಿಡ್ನಿ ಸುಧಾರಿಸಿದ ಮೇಲೆ ಪ್ಲಾಟಿನಂ ಔಷಧಿಯೂ ಸೇರಿತು. ಅದೇನು ಸುಲಭದ ಚಿಕಿತ್ಸೆಯಲ್ಲ. ವಾಕರಿಕೆ ಬರುತ್ತಿತ್ತು, ಊಟ ಸೇರುತ್ತಿರಲಿಲ್ಲ. ಒಂದು ವಾರ ರಕ್ತದ ಪರೀಕ್ಷೆ ಸರಿ ಬರಲಿಲ್ಲವೆಂದು ಔಷಧಿ ಮುಂದೆ ಹಾಕಿದರು. ಗುರುಶಾಂತ ಪ್ರತಿ ಸಲವೂ ಜೊತೆಗೆ ಹೋದ. ಸಲೈನ್ ಮುಗಿಯುವವರೆಗೂ ಹೆಂಡತಿಯ ಕಾಲ ಬಳಿ ಕೂತಿರುತ್ತಿದ್ದ.

ಚಿಕಿತ್ಸೆ ಮುಗಿದು ಕೆಲವು ತಿಂಗಳಾದ ಮೇಲೆ ಪರೀಕ್ಷೆ ಮಾಡಿದಾಗ ಗಡ್ಡೆ ಕಾಣಲಿಲ್ಲ. "ಈಗ ಇಲ್ಲ. ಆದರೆ ತಪಾಸಣೆಗೆ ಬರ್ತಾ ಇರಬೇಕು" ಎಂದರು ಡಾಕ್ಟರಮ್ಮ. ಈ ವರ್ಷ ತೊಗರಿ ರಾಶಿಗೆ ಗುರಮ್ಮ ಹೊಲಕ್ಕೆ ಹೋಗಿದ್ದಳು. ಮೊದಲಿನಷ್ಟು ಕೆಲಸ ಆಗಲಿಲ್ಲ, ಹೋಗಿದ್ದಳು ಅಷ್ಟೆ. ಊರ ಸಂಘದ ಸಭೆಯಲ್ಲಿ ಹೆಂಗಸರ ಮುಂದೆ ತನ್ನ ಜಡ್ಡಿನ ಹೆಸರು ಹೇಳಲು ಅವಳಿಗೆ ಈಗ ನಾಚಿಕೆಯಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಕೆಟ್ಟ ವಾಸನೆಯ ಬಿಳಿಸೆರಗು ಹೋಗುತ್ತಿದ್ದರೆ ಮುಚ್ಚಿಡಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲ್ಯಾಬಿನಲ್ಲಿ ಕ್ಯಾನ್ಸರ್ ಕೊಂದಿತು ಎಂಬ ಸುದ್ದಿ ಕೇಳಿದರೆ ಸಂತೋಷಪಡಿ, ಆದರೆ ಅದು ಔಷಧಿಯಾಗಲು ಇನ್ನೂ ದೂರವಿದೆ ಎಂಬುದು ನೆನಪಿರಲಿ. ಏನಿದೆಯೋ ಗೊತ್ತಿಲ್ಲದ ಪುಡಿಯನ್ನು ಯಾರು ಕೊಟ್ಟರೂ ಬಾಯಿಗೆ ಹಾಕಬೇಡಿ. ಈಗಾಗಲೇ ತೆಗೆದುಕೊಂಡಿದ್ದರೆ ಡಾಕ್ಟರ ಮುಂದೆ ಮರೆಮಾಚದೆ ಹೇಳಿ. ಅವರು ಬೈದರೂ ಬೈಯಲಿ. ಹೇಳಿದರೆ ತಾನೇ ಅವರು ನಿಮ್ಮನ್ನು ಉಳಿಸಲು ಸಾಧ್ಯ?