ಲಾರಿ ಬಂದ ದಿನ ಮಾತ್ರ ಮಾತ್ರೆ

ಗಂಡ ಲಾರಿ ಡ್ರೈವರ್. ಬಂದರೆ ಬಂದ, ಹೋದರೆ ಹೋದ. ಈ ಸಲ ಹೋಗಿ ತಿಂಗಳಾಯಿತು. ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಮಗಳಿಗೆ ಈಗಷ್ಟೇ ತೊದಲು ಮಾತು. ಸೂಪರ್‌ವೈಸರ್ ತರಬೇತಿಗೆ ಇವಳದೇ ಹೆಸರು ಬಂದಿತ್ತು. ಅಷ್ಟರಲ್ಲಿ ಮುಟ್ಟು ನಿಂತಿತು. ಈಗ ಬಸಿರಾದರೆ ತರಬೇತಿಯ ಗತಿ?

ಆರೋಗ್ಯ ಕೇಂದ್ರಕ್ಕೆ ಹೊರಟರೆ ಅತ್ತೆಯೂ ಬೆನ್ನು ಹತ್ತಿದರು.

"ಮಾತ್ರೆ ತಗೊಳ್ತಿದ್ದೆ ನರ್ಸಕ್ಕ, ಆದ್ರೂ ಹೀಗಾಯ್ತು."

"ದಿನಾ ತಗೊಳ್ತಿದ್ಯಾ?"

"ದಿನಾ ಯಾಕೆ? ಲಾರಿ ಹಾರ್ನ್ ಕೇಳಿದ ದಿನ ನುಂಗ್ತೀನಿ."

ನರ್ಸಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ತಾಯಿ, ಇದೇನು ತಲೆನೋವಿನ ಮಾತ್ರೆನಾ? ಗಂಡ ಇರ್ಲಿ, ಬಿಡ್ಲಿ, ದಿನಾ ಒಂದೇ ಹೊತ್ತಿಗೆ ತಗೋಬೇಕು."

ಪರೀಕ್ಷೆಯಾಯಿತು. "ಗರ್ಭ ನಿಂತಿಲ್ಲ. ಮನಸ್ಸಿಗೆ ಬಂದಹಾಗೆ ನುಂಗಿದ್ರೆ ಮುಟ್ಟೂ ಏರುಪೇರಾಗುತ್ತೆ."

ಅವಳಿಗೆ ಹೋದ ಜೀವ ಬಂತು.

ಅತ್ತೆ ಸುಮ್ಮನಿರುತ್ತಾರೆಯೇ? ಊರವರನ್ನು ಅಣಕಿಸುವುದರಲ್ಲಿ ಅವರದು ಎತ್ತಿದ ಕೈ. ಮೂಗಿನಲ್ಲೇ ರಾಗ ಎಳೆದು ಪಕ್ಕದ ಮನೆಯವಳಾಗಿಬಿಟ್ಟರು: "'ಮಾತ್ರೆ ತಿಂದ್ರೇ... ಮುಂದೆ ಮಕ್ಳೇ ಆಗಲ್ವಂತೇ...' ಅಂತಾಳಲ್ಲ ಅವಳು?"

ನರ್ಸಕ್ಕನಿಗೆ ನಗು ತಡೆಯಲಾಗಲಿಲ್ಲ. "ಸುಳ್ಳಮ್ಮ. ಬಿಟ್ಮೇಲೆ ಮತ್ತೆ ಬಸಿರಾಗಬಹುದು. ಕೆಲವರು ಬಿಟ್ಟ ತಿಂಗಳೇ ಆಗ್ತಾರೆ."

"ಹೊಟ್ಟೆ ತೊಳಸುತ್ತಂತೆ?" ಅತ್ತೆಯದೇ ಇನ್ನೊಂದು ಪ್ರಶ್ನೆ.

"ಕೆಲವರಿಗೆ ಮೊದಮೊದಲು. ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಸರಿಹೋಗುತ್ತೆ. ಹೋಗದಿದ್ರೆ ಬೇರೆ ದಾರಿ ಇದೆ."

"ಒಂದಿನ ಮರೆತ್ರೆ?" ಎಂದಳು ಸೊಸೆ.

"ನೆನಪಾದ ತಕ್ಷಣ ನುಂಗು. ಅವತ್ತಿನದನ್ನ ಅದರ ಹೊತ್ತಿಗೇ ತಗೋ. ಎರಡು ದಿನ ಮರೆತ್ರೆ ಮುಂದಿನ ಏಳು ದಿನ ಕಾಂಡೋಮ್ ಬೇಕು. ಹೊಸದಾಗಿ ಶುರು ಮಾಡೋ ಈ ವಾರಾನೂ ಅಷ್ಟೇ. ಲೈಂಗಿಕ ರೋಗ ತಡೆಯೋಕಂತೂ ಕಾಂಡೋಮೇ, ಮಾತ್ರೆಯಲ್ಲ."

ಬಿ.ಪಿ. ನೋಡಿದಳು. ಮಗು ಹಾಲು ಬಿಟ್ಟಿದೆಯಾ, ಜೋರು ತಲೆನೋವು ಬರುತ್ತಾ, ಸಿಗರೇಟು ಸೇದ್ತೀಯಾ ಎಂದೆಲ್ಲ ಕೇಳಿದಳು.

"ಸಿಗರೇಟಾ? ಇವಳು ಊದುಬತ್ತಿ ಹೊಗೆಗೇ ಕೆಮ್ತಾಳೆ!" ಎಂದರು ಅತ್ತೆ. ಹೊಸ ಪ್ಯಾಕೆಟ್ ಸಿಕ್ಕಿತು.

ಹೊರಗೆ ಬಂದವರೇ ಅತ್ತೆ ಸೊಸೆಯ ಭುಜ ತಟ್ಟಿದರು. "ಹೋಗಿ ಕಲ್ತು ಬಾರೆ. ಎರಡನೇ ಮಗು ನಿನಗೆ ಬೇಕಾದಾಗ ಬರ್ಲಿ. ಅದೇನು ಬಸ್ಸಾ, ತಪ್ಪಿಹೋಗೋಕೆ?"

ತರಬೇತಿ ಮುಗಿಯಿತು. ಸೂಪರ್‌ವೈಸರ್ ಕೋಟು ತೊಟ್ಟು ಅವಳು ಬೀದಿಗೆ ಕಾಲಿಟ್ಟ ಸಂಜೆ, ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರಿಗೆಲ್ಲ ಅತ್ತೆಯ ಅಪ್ಪಣೆಯಾಯಿತು: "ದಾರಿ ಬಿಡ್ರೇ, ನಮ್ಮನೆ ಮೇಡಂ ಬಂದ್ರು!"

ಅಕ್ಕಂದಿರೇ, ತಂಗಿಯರೇ, ಮಗು ಯಾವಾಗ ಬೇಕೆಂದು ನಿರ್ಧರಿಸುವವರು ನೀವು. ಅನುಮಾನವಿದ್ದರೆ ಬೀದಿಯಲ್ಲಿ ಕೇಳಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ನಾಚಿಕೆ ಬೇಡ. ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ!