ಮೀಟರಿನ ಹನ್ನೆರಡು ವೋಲ್ಟ್

ಅಣ್ಣ ತಮ್ಮನ ಕಾಲರ್ ಹಿಡಿದು ಕಾರಿನಿಂದ ಎಳೆದು ಗ್ಯಾರೇಜಿನ ನೆಲಕ್ಕೆ ಕೆಡವಿದ. ಆಮೇಲೆ ಏನೂ ಆಗದವನಂತೆ ಎಲೆಕ್ಟ್ರಿಷಿಯನ್ ಕಡೆ ತಿರುಗಿದ.

"ನೋಡಮ್ಮ, ಗಾಡಿಯೊಳಗೆ ಪೆಟ್ರೋಲ್ ವಾಸನೆ. ನನ್ನ ಮಗಳು ದಾರೀಲಿ ವಾಂತಿ ಮಾಡ್ಕೊಂಡು ಪ್ರಜ್ಞೆ ತಪ್ಪಿದ್ಲು. ಇವನು ಏನು ಕಿತ್ತಿದ್ದಾನೆ ಅಂತ ಹುಡುಕಿ ಹೇಳು."

"ನಾನು ಮುಟ್ಟೇ ಇಲ್ಲ," ಎಂದ ತಮ್ಮ ಬಿದ್ದಲ್ಲಿಂದಲೇ.

"ಮತ್ತೆ 'ನಿನ್ನ ಕಾರಿಗೆ ಬೆಂಕಿ ಬೀಳ್ಲಿ' ಅಂದೋನು ಯಾರೋ? ಮನೆಮಂದಿಯೆಲ್ಲ ಕೇಳಿಸ್ಕೊಂಡಿದ್ದಾರೆ."

"ಬಾಯಲ್ಲಿ ಅಂದೆ. ಬಾಯಲ್ಲಿ ಅಂದಿದ್ದೆಲ್ಲ ಆಗೋ ಹಾಗಿದ್ರೆ ನೀನು ಯಾವತ್ತೋ ಬೂದಿಯಾಗಿರ್ತಿದ್ದೆ."

ಅಣ್ಣನ ಬೂಟು ಅವನ ಪಕ್ಕೆಗೆ ಬಿತ್ತು.

ಊಟದ ಹೊತ್ತು, ಜೊತೆಯ ಕೆಲಸಗಾರರು ಹೊರಗೆ ಹೋಗಿದ್ದರು. "ಯಜಮಾನ್ರೇ, ಹೊಡೆದಾಡೋ ಹಾಗಿದ್ರೆ ಗಾಡಿ ತಗೊಂಡು ಹೊರಡಿ," ಎಂದಳು ಅವಳು.

"ಆಯ್ತು. ನೀನು ಹೇಳೋವರೆಗೆ ಮುಟ್ಟಲ್ಲ. ಇವನ ಕೈವಾಡ ಅಂತಾದ್ರೆ ಮಾತ್ರ ಇವತ್ತಿಗೆ ಮನೆ ಋಣ ತೀರ್ತು ಅಂತ ತಿಳ್ಕೊ. ಮಗಳೂ ಹೇಳ್ಬಿಟ್ಟಿದ್ದಾಳೆ, ಚಿಕ್ಕಪ್ಪನ ಜೊತೆ ಒಂದೇ ಮನೇಲಿ ಇರಲ್ಲ ಅಂತ."

ಈ ಮಾತಿಗೆ ತಮ್ಮ ಎದ್ದು ಕೂತು, ಅಣ್ಣನಿಗೆ ಬೆನ್ನು ತಿರುಗಿಸಿದ.

ಅವಳು ಸ್ಕ್ಯಾನರ್ ಸಿಕ್ಕಿಸಿದಳು. ಪರ್ಜ್ ವಾಲ್ವಿನ ವಿದ್ಯುತ್ ಸರ್ಕ್ಯೂಟ್ ಕಡಿದಿದೆ ಎಂದಿತು. ಪೆಟ್ರೋಲ್ ಟ್ಯಾಂಕಿನ ಆವಿ ಇದ್ದಿಲು ತುಂಬಿದ ಒಂದು ಡಬ್ಬಿಯಲ್ಲಿ ಸೇರುತ್ತದೆ. ಎಂಜಿನ್ ಓಡುವಾಗ ಈ ವಾಲ್ವು ತೆರೆದರೆ ಎಂಜಿನ್ ಆ ಆವಿಯನ್ನು ಎಳೆದುಕೊಂಡು ಸುಡುತ್ತದೆ. ತೆರೆಯದಿದ್ದರೆ ಇದ್ದಿಲು ತುಂಬಿ, ಆವಿ ಹೊರಗೆ ಸೋರಿ, ಕಾರಿನೊಳಗೂ ನುಗ್ಗುತ್ತದೆ. ಸ್ಕ್ಯಾನರಿನಿಂದ ವಾಲ್ವಿಗೆ ಆಜ್ಞೆ ಕಳಿಸಿದಳು. ಕೇಳಬೇಕಾಗಿದ್ದ ಟಕಟಕ ಸದ್ದು ಬರಲಿಲ್ಲ.

ಪ್ಲಗ್ ಬಿಚ್ಚಿ ವಾಲ್ವಿನ ಸುರುಳಿ ಅಳೆದಳು, ಸರಿಯಿತ್ತು. ಕಾರಿನ ಕಂಪ್ಯೂಟರಿನ ಕಡೆಯ ತಂತಿಯೂ ಸರಿಯಿತ್ತು. ಕೀಲಿ ತಿರುಗಿಸಿ, ವಿದ್ಯುತ್ ಬರುವ ತಂತಿಗೆ ಮೀಟರ್ ಹಿಡಿದಳು: ಹನ್ನೆರಡು ವೋಲ್ಟ್. ಅದೂ ಸರಿ. ಪ್ಲಗ್ಗನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಂಡಿ ಮಾತ್ರ ಮುರಿದಿತ್ತು.

"ವೈರೆಲ್ಲ ಚೆನ್ನಾಗಿದೆ," ಎಂದಳು, ಹೆಚ್ಚೇನೂ ಯೋಚಿಸದೆ. "ಯಾರೋ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿರೋ ಹಾಗಿದೆ."

ಅಣ್ಣನಿಗೆ ಅಷ್ಟು ಸಾಕಾಗಿತ್ತು. ಮೊದಲ ಏಟು ತಮ್ಮನ ಕಿವಿಗೆ ಬಿತ್ತು, ಎರಡನೆಯದು ಬಾಯಿಗೆ. ತಡೆಯಲು ಹೋದ ಅವಳನ್ನು ಅಣ್ಣ ಒಂದೇ ಕೈಯಲ್ಲಿ ತಳ್ಳಿದ. ಅವಳ ಸೊಂಟ ಮೇಜಿನ ಅಂಚಿಗೆ ಬಡಿದು, ಸ್ಪ್ಯಾನರುಗಳು ನೆಲದ ತುಂಬ ಚೆಲ್ಲಿದವು. ಅಣ್ಣ ತಮ್ಮನ ತಲೆಗೂದಲು ಹಿಡಿದು ಮುಖವನ್ನು ಕಾರಿನ ಬಾಗಿಲಿಗೆ ಗುದ್ದಿದ. ಬಿಳಿ ಬಣ್ಣದ ಮೇಲೆ ರಕ್ತ ಉದ್ದಕ್ಕೆ ಎಳೆದುಕೊಂಡಿತು.

"ಅಕ್ಕ, ಬೇಗ ಇನ್ನೊಂದ್ಸಲ ನೋಡಿ," ಎಂದ ತಮ್ಮ, ಒಂದು ಹಲ್ಲು ಉಗಿದು. "ಇನ್ನು ಮೂವತ್ತೊಂದೇ ಹಲ್ಲು ಇರೋದು."

ಅವಳಿಗೆ ಆಗ ಹೊಳೆಯಿತು. ಯಾರೋ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದ್ದರೆ ವಾಲ್ವು ಈಗ ಸದ್ದು ಮಾಡಬೇಕಾಗಿತ್ತು. ಮಾಡಿರಲಿಲ್ಲ. ಕೊಂಡಿ ಎಂಜಿನ್ನಿನ ಬಿಸಿಗೆ ತಾನಾಗಿ ಮುರಿದಿರಬಹುದು; ದೋಷ ಇನ್ನೂ ಅಲ್ಲೇ ಇದೆ. ಅವಳು ಅದನ್ನು ಕಾಣದೆಯೇ ತೀರ್ಪು ಕೊಟ್ಟಿದ್ದಳು. ಮೀಟರು ತಂತಿಯಿಂದ ಕೆಲಸ ಕೇಳುವುದಿಲ್ಲ. ಒಂದು ಕೂದಲೆಳೆಯಷ್ಟು ತಾಮ್ರ ಉಳಿದಿದ್ದರೂ ಅದಕ್ಕೆ ಹನ್ನೆರಡು ವೋಲ್ಟ್ ಕಾಣುತ್ತದೆ. ಕರೆಂಟು ಹರಿಸಿ ನೋಡಬೇಕು.

ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿ, ಮೊನೆಯನ್ನು ಅದೇ ತಂತಿಗೆ ತಾಗಿಸಿದಳು. ಬಲ್ಬು ಹತ್ತಲಿಲ್ಲ. ಬೆನ್ನ ಹಿಂದೆ ಮಾಂಸದ ಮೇಲೆ ಮುಷ್ಟಿ ಬೀಳುವ ಸದ್ದು ನಿಂತಿರಲಿಲ್ಲ. ಟೇಪು ಹರಿಯುತ್ತಾ ತಂತಿಯ ಜಾಡು ಹಿಡಿದು ಹೋದಳು. ಅದು ಬ್ಯಾಟರಿಯ ತಟ್ಟೆಯ ಕೆಳಗೆ ನುಸುಳಿತ್ತು. ಟಾರ್ಚ್ ಬಿಟ್ಟಳು.

ಬ್ಯಾಟರಿ ಬಿಗಿದಿದ್ದ ಬೋಲ್ಟು ಇರಬೇಕಾದ್ದಕ್ಕಿಂತ ಎರಡರಷ್ಟು ಉದ್ದವಿತ್ತು. ತಟ್ಟೆ ದಾಟಿ ಕೆಳಗಿಳಿದು ತಂತಿಯನ್ನು ಕಬ್ಬಿಣಕ್ಕೆ ಒತ್ತಿ ಜಜ್ಜಿತ್ತು. ಉಳಿದಿದ್ದ ಒಂದೆರಡು ಎಳೆಗಳು ಹಸಿರುಗಟ್ಟಿ ಪುಡಿಯಾಗುವ ಹಂತದಲ್ಲಿದ್ದವು.

"ಈ ಬ್ಯಾಟರಿ ಹಾಕಿದ್ದು ಯಾರು?" ಎಂದು ಅವಳು ಕಿರುಚಿದಳು.

ಅಣ್ಣನ ಮುಷ್ಟಿ ಎತ್ತಿದಲ್ಲೇ ನಿಂತಿತು. "ನಾನೇ. ಯಾಕೆ?"

"ಬಂದು ನೋಡಿ. ಬೋಲ್ಟೂ ನಿಮ್ದೇನಾ?"

ಅಣ್ಣ ಬಗ್ಗಿ ನೋಡಿದ. ಬೋಲ್ಟನ್ನು ಬೆರಳಲ್ಲಿ ಮುಟ್ಟಿ ನೋಡಿದ. "ಮೊದಲಿಂದು ಕಳೆದುಹೋಗಿತ್ತು," ಎಂದ. "ಇದೇ ಗಟ್ಟಿ ಅಂತ ಹಾಕ್ದೆ."

ತಮ್ಮ ಬಾಗಿಲು ಹಿಡಿದು ಎದ್ದ. ಅವನ ಒಂದು ಕಣ್ಣು ಮುಚ್ಚಿಹೋಗಿತ್ತು. ನೆಲದಲ್ಲಿ ಬಿದ್ದಿದ್ದ ದೊಡ್ಡ ಸ್ಪ್ಯಾನರ್ ಎತ್ತಿಕೊಂಡ.

"ಬೇಡಪ್ಪ," ಎಂದಳು ಅವಳು.

ಕಾರಿನ ಅಂಚಿನ ಮೇಲೆ ಊರಿದ್ದ ಅಣ್ಣನ ಬಲಗೈಗೆ ಅವನು ಒಂದೇ ಏಟು ಹಾಕಿದ. ಮೂಳೆ ಮುರಿದದ್ದು ಮೂವರಿಗೂ ಕೇಳಿಸಿತು. ಅಣ್ಣ ಕುಸಿದು ಕೂತ. ತಮ್ಮ ಮತ್ತೆ ಕೈ ಎತ್ತಿದ. ಅವಳು ಅವನ ತೋಳಿಗೆ ಜೋತುಬಿದ್ದಳು.

"ಬಿಡಮ್ಮ, ಹೊಡೀಲಿ," ಎಂದ ಅಣ್ಣ, ಕೈಯನ್ನು ಎದೆಗೊತ್ತಿಕೊಂಡು. "ಹೊಡೆದು ಮನೆಗೆ ಬರ್ಲಿ."

ತಮ್ಮ ಕೈ ಇಳಿಸಿದ. ಸ್ಪ್ಯಾನರ್ ನೆಲಕ್ಕೆ ಬಿತ್ತು.

"ನಾನು ಬರಲ್ಲ," ಎಂದ ತಮ್ಮ. ಮಾತಿನ ಜೊತೆ ರಕ್ತವೂ ಬಂತು. "ನಿನ್ನ ಮಗಳು ಬಂದು ಕರೀಲಿ. ಮೊದ್ಲು ಈ ಬೋಲ್ಟ್ ತಗೊಂಡು ಹೋಗಿ ಅವಳ ಮುಂದಿಡು. ಮಾಡಿದ್ದು ಚಿಕ್ಕಪ್ಪ ಅಲ್ಲ, ನಾನು ಅಂತ ನಿನ್ನ ಬಾಯಿಂದಲೇ ಹೇಳು."

ಅವನು ಗೋಡೆ ಹಿಡಿದುಕೊಂಡು ಬಾಗಿಲಾಚೆಯ ಮೆಟ್ಟಿಲವರೆಗೆ ನಡೆದ. ಮುಂದಕ್ಕೆ ಕಾಲು ಬರಲಿಲ್ಲ, ಅಲ್ಲೇ ಕೂತುಬಿಟ್ಟ.

ಅಣ್ಣ ಎಡಗೈಯಲ್ಲಿ ಸ್ಪ್ಯಾನರ್ ತಡಕಿ, ಎದ್ದು, ಬೋಲ್ಟಿಗೆ ಸಿಕ್ಕಿಸಿ ತಿರುಗಿಸಲು ನೋಡಿದ. ಜಾರಿತು. ಮತ್ತೆ ಸಿಕ್ಕಿಸಿದ. ಸಹಾಯ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಫೋನ್ ತೆಗೆದು ಆಂಬುಲೆನ್ಸಿಗೆ ಕರೆ ಮಾಡಿದಳು.

"ಎಷ್ಟು ಜನಕ್ಕೆ ಪೆಟ್ಟಾಗಿದೆ?" ಎಂದು ಅತ್ತ ಕಡೆಯವರು ಕೇಳಿದರು.

"ಇಬ್ರಿಗೆ," ಎಂದಳು. "ಅಣ್ಣ ತಮ್ಮ."