ಅಲಿನಾಫೆ ಗಣಿತ ಕಲಿತದ್ದು

ಜೊಂಬಾ ಊರಿನ ಆಸ್ಪತ್ರೆಯೊಂದರಲ್ಲಿ ಅಲಿನಾಫೆ ಗುಮಾಸ್ತೆ. ವಾರವಾರವೂ ಮಲೇರಿಯಾ ಜ್ವರ ಬಂದವರ ಪಟ್ಟಿ ಬರೆದು ಮೇಲಿನವರಿಗೆ ಕಳಿಸುತ್ತಿದ್ದಳು. ಸರೋವರದ ದಂಡೆಯ ಹಳ್ಳಿಗಳಲ್ಲೇ ಯಾಕಿಷ್ಟು ಜ್ವರ ಎಂದು ಅವಳಿಗೆ ತಿಳಿಯಬೇಕಿತ್ತು. ವಿಶ್ವವಿದ್ಯಾಲಯಕ್ಕೆ ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ ಅರ್ಜಿ ಹಾಕಿದಳು. ಅವಳು ಓದಿದ್ದು ಇತಿಹಾಸ. ಎರಡೇ ಸಾಲಿನ ಉತ್ತರ ಬಂತು: ಗಣಿತ ಓದಿಲ್ಲ, ಸೇರಿಸಿಕೊಳ್ಳಲಾಗದು.

ದಂಡೆಯ ಹಳ್ಳಿಯಲ್ಲಿದ್ದ ಅಕ್ಕ ತಿಯಾಮಿಕೆ ಫೋನಿನಲ್ಲಿ ನಕ್ಕಳು. "ರಾಜರ ಕಥೆ ಓದಿದೋಳು ನೀನು. ಲೆಕ್ಕ ನಮ್ಮನೇಲಿ ಯಾರ ತಲೆಗೆ ಹತ್ತಿದೆ ಹೇಳು? ಸುಮ್ನೆ ಮದ್ವೆ ಆಗು."

ಪಟ್ಟಿ ನೋಡಲು ಬಂದ ಜಿಲ್ಲಾ ಆರೋಗ್ಯಾಧಿಕಾರಿ ಕಾಯಿರಾ ಮೇಡಂ ಆ ಪತ್ರ ಓದಿದರು.

"ಗಣಿತ ಬರಲ್ಲ ಅಂದಿಲ್ಲಮ್ಮ, ಓದಿಲ್ಲ ಅಂದಿದಾರೆ. ಹಾಗಾದ್ರೆ ಓದು. ಯಾವ್ಯಾವ ಪಾಠ ಬೇಕು ಅಂತ ಅವರನ್ನೇ ಕೇಳು. ಪರೀಕ್ಷೆ ಕಟ್ಟಿ ಅಂಕಪಟ್ಟಿ ತಗೋ. ಮನೇಲೇ ಕಲ್ತೆ ಅಂದ್ರೆ ಯಾರೂ ನಂಬಲ್ಲ. ಕಂಪ್ಯೂಟರಲ್ಲಿ ಲೆಕ್ಕ ಮಾಡೋದನ್ನ ನಿನ್ನ ಜ್ವರದ ಪಟ್ಟಿ ಮೇಲೇ ಕಲಿ."

ಕಾಲೇಜೊಂದರ ಶನಿವಾರದ ಗಣಿತ ತರಗತಿಗೆ ಸೇರಿದಳು. ಮೊದಲ ದಿನ ಹದಿನೆಂಟರ ಮಕ್ಕಳು ಅವಳೇ ಟೀಚರೆಂದು ಎದ್ದು ನಿಂತರು. ಆಮೇಲೆ ಯಾರೂ ಪಕ್ಕದಲ್ಲಿ ಕೂರಲಿಲ್ಲ. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಹತ್ತೊಂಬತ್ತು. ಕೋಣೆಗೆ ಬಂದು ಜೋಳದ ಮುದ್ದೆ ಬೇಯಿಸಿಕೊಂಡು ಒಬ್ಬಳೇ ಉಂಡಳು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ತರಗತಿಗಾಗಿ ಗೆಳತಿಯರ ಎರಡು ಮದುವೆಗಳಿಗೆ ಹೋಗದಿದ್ದ ಮೇಲೆ ಅವರು ಕರೆಯುವುದನ್ನೇ ಬಿಟ್ಟರು. ಬಾಯಿಂದ ಒಂದು ಮಾತೂ ಹೊರಡದೆ ಎಷ್ಟೋ ಭಾನುವಾರಗಳು ಕಳೆದವು. ಫೇಲಾದ ಪಾಠವನ್ನು ಮತ್ತೆ ಕಟ್ಟಿ ಪಾಸಾದಳು.

ಎರಡನೇ ವರ್ಷ ಅಕ್ಕ ಹಲ್ಲುನೋವೆಂದು ಆಸ್ಪತ್ರೆಗೆ ಬಂದು ಅವಳ ಕೋಣೆಯಲ್ಲಿ ಉಳಿದಳು.

"ಇಡೀ ದಿನ ಯಾರೂ ಬಾಗಿಲು ತಟ್ಟಲಿಲ್ವಲ್ಲೇ."

"ಯಾರೂ ಬರಲ್ಲಕ್ಕ."

ಅಕ್ಕ ಗೋಡೆಗೆ ಅಂಟಿಸಿದ್ದ ಹಾಳೆ ತೋರಿಸಿ ಕೇಳಿದಳು, "ಅದೇನು ಗೆರೆ?"

"ನಿಮ್ಮೂರಿನ ಜ್ವರ. ಜನವರೀಲಿ ಏರತ್ತೆ. ಸೊಳ್ಳೆಪರದೆ ಹಂಚೋದು ಏಪ್ರಿಲ್‌ನಲ್ಲಿ."

"ಹೌದು ಕಣೇ. ಪರದೆ ಬರೋ ಹೊತ್ತಿಗೆ ನಾವೆಲ್ಲ ಜ್ವರದಲ್ಲಿ ಮಲಗಿ ಎದ್ದಿರ್ತೀವಿ." ತಿಯಾಮಿಕೆ ಗೆರೆಯ ಮೇಲೆ ಬೆರಳಾಡಿಸಿದಳು. "ಇದನ್ನ ಆ ಯೂನಿವರ್ಸಿಟಿಯವರಿಗೆ ತೋರ್ಸು. ಇನ್ನೊಂದ್ಸಲ ಅರ್ಜಿ ಹಾಕು."

ಅಲಿನಾಫೆ ಗಣಿತದ ಅಂಕಪಟ್ಟಿಯನ್ನೂ ಆ ಹಾಳೆಯನ್ನೂ ಜೊತೆಗಿಟ್ಟು ಅರ್ಜಿ ಹಾಕಿದಳು. ಇತಿಹಾಸ ಓದಿದ್ದನ್ನಾಗಲಿ, ಮೊದಲು ಫೇಲಾದದ್ದನ್ನಾಗಲಿ ಮುಚ್ಚಿಡಲಿಲ್ಲ. ಸೀಟು ಸಿಕ್ಕಿತು.

ಕಲೆಯನ್ನೋ ವಾಣಿಜ್ಯವನ್ನೋ ಓದಿ ಈ ದಾರಿಗೆ ಆಸೆಪಡುವವರೇ, ಇದು ಮುಚ್ಚಿದ ದಾರಿಯಲ್ಲ. ಬೇಕಾದ ಪಾಠ ಯಾವುದೆಂದು ಕೇಳಿ ತಿಳಿಯಿರಿ, ಅದನ್ನು ಕಲಿತು ಅಂಕಪಟ್ಟಿ ಪಡೆಯಿರಿ, ಆಮೇಲೆ ಅರ್ಜಿ ಹಾಕಿ. ಒಂಟಿಯಾಗಿ ಕೂರಬೇಕಾದ ದಿನಗಳು ಬರುತ್ತವೆ, ಅದನ್ನು ಮರೆಮಾಚುವುದಿಲ್ಲ. ನಿಮ್ಮ ಮನೆಯಲ್ಲೋ ಪಕ್ಕದ ಕೋಣೆಯಲ್ಲೋ ಹಾಗೆ ಕೂತವರಿದ್ದರೆ, ಇವತ್ತೇ ಹೋಗಿ ಬಾಗಿಲು ತಟ್ಟಿ. ಏನು ಓದುತ್ತಿದ್ದೀರಿ ಎಂದು ಕೇಳಿ.